ಸೋದರಮಾವನ ಹಕ್ಕು

ಕೊಟ್ರಮ್ಮನಿಗೆ ಸಿಟ್ಟು ಬಂದರೆ ಮಾತು ಕಡಿಮೆಯಾಗುತ್ತದೆ ಎಂಬುದು ಆದವಾನಿಯ ಆ ಓಣಿಗೆಲ್ಲ ಗೊತ್ತು. ಅಂದು ಬೆಳಗಿನಿಂದ ಆಕೆ ಬಾಯಿ ಬಿಟ್ಟಿರಲಿಲ್ಲ. ಗಂಡ ಏಕಾಂತಪ್ಪ ಹತ್ತಿ ಮಾರ್ಕೆಟ್ಟಿಗೆ ಹೋಗುವುದನ್ನೂ ಬಿಟ್ಟು, ಇಸ್ತ್ರಿ ಅಂಗಿ ತೊಟ್ಟುಕೊಂಡು, ಹೆಂಡತಿ ಸೀರೆ ಬದಲಿಸಿ ಬರುವುದನ್ನೇ ಕಾಯುತ್ತಾ ಪಡಸಾಲೆಯಲ್ಲಿ ಅಡ್ಡಾಡುತ್ತಿದ್ದ. ವಕೀಲ ನಾಗಭೂಷಣನ ಆಫೀಸಿನಲ್ಲಿ ಆಕೆ ಒಂದು ಸಹಿ ಹಾಕಬೇಕಿತ್ತು. ಸಹಿ ಬಿದ್ದರೆ ಮಗಳು ಪ್ರತಿಮಾ ನ್ಯೂಜಿಲೆಂಡಿನಲ್ಲಿ ಗಂಡನ ಜೊತೆ ಉಳಿಯಬಹುದು. ಬೀಳದಿದ್ದರೆ ಗಂಟುಮೂಟೆ ಕಟ್ಟಿಕೊಂಡು ವಾಪಸ್ ಬರಬೇಕು. ಏಕಾಂತಪ್ಪ ಹೇಳಿದ್ದು ಅಷ್ಟೇ. ಕಾಗದದಲ್ಲಿ ಏನು ಬರೆದಿದೆ ಎಂದು ಕೇಳಿದರೆ, "ಲಾಯರ್ ಹೇಳ್ತಾರ ಬಾ" ಅಂದಿದ್ದ. ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಗಂಡ ಯಾವಾಗ ಮಾತು ನುಂಗುತ್ತಾನೆ ಎಂದು ತಿಳಿಯದೇ ಇರುತ್ತದೆಯೇ?

ಪ್ರತಿಮಾಳ ಗಂಡ ಬೇರೆ ಯಾರೂ ಅಲ್ಲ, ಕೊಟ್ರಮ್ಮನ ಒಡಹುಟ್ಟಿದ ತಮ್ಮ ಸೋಮೇಶ್. ಈ ಸೀಮೆಯಲ್ಲಿ ಅದಕ್ಕೆ ಯಾರೂ ಹುಬ್ಬೇರಿಸುವುದಿಲ್ಲ. ಅಕ್ಕನ ಮಗಳ ಮೇಲೆ ಮೊದಲ ಹಕ್ಕು ಸೋದರಮಾವನದು. ಅವನು ಬೇಡವೆಂದ ಮೇಲೆಯೇ ಹೊರಗಿನ ಸಂಬಂಧದ ಮಾತು. ಪ್ರತಿಮಾಳನ್ನು ತೊಟ್ಟಿಲಿಗೆ ಹಾಕಿದ ದಿನ, ಚಡ್ಡಿ ಜಾರುತ್ತಿದ್ದ ಸೋಮೇಶನನ್ನು ಪಕ್ಕದಲ್ಲಿ ಕೂರಿಸಿ ಹೆಂಗಸರೆಲ್ಲ "ನೋಡ್ಕೊಳಪ್ಪ, ನಿನ್ನ ಹೇಣ್ತಿ" ಎಂದು ಚೇಷ್ಟೆ ಮಾಡಿದ್ದರು. ಅವನು ಅಳುತ್ತಾ ಬಂದು ಅಕ್ಕನ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದ. ಆ ಸೆರಗು ಅವನಿಗೆ ಹೊಸದೇನಲ್ಲ. ಅಪ್ಪ ಭೀಮಲಿಂಗಪ್ಪ ತೀರಿಕೊಂಡಾಗ ಅವನಿನ್ನೂ ಹಾಲು ಕುಡಿಯುವ ಕೂಸು. ಅವ್ವ ಗುರುಬಸಮ್ಮ ಹೊಲ ನೋಡಿಕೊಳ್ಳಲು ಹೊರಟರೆ, ತವರೂರು ನಂದವರದ ಮನೆಯಲ್ಲಿ ಶಾಲೆ ಬಿಟ್ಟು ಅವನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ಕೊಟ್ರಮ್ಮ. ಅವನ ಮೂಗು ಒರೆಸಿದವಳು, ಜ್ವರ ಬಂದಾಗ ಪಕ್ಕದಲ್ಲಿ ಎಚ್ಚರ ಕೂತವಳು ಆಕೆಯೇ.

ಸೋಮೇಶ್ ದನಗಳ ಡಾಕ್ಟರಿಕೆಗೆ ಓದಿ, ನ್ಯೂಜಿಲೆಂಡಿನ ದೊಡ್ಡದೊಂದು ಹಾಲಿನ ಫಾರ್ಮಿನಲ್ಲಿ ಕೆಲಸ ಹಿಡಿದು, ಮ್ಯಾನೇಜರನೂ ಆದ. ಮದುವೆಗೆ ಊರಿಗೆ ಬಾ ಎಂದರೆ ಈಗ ಹಸುಗಳು ಕರು ಹಾಕುವ ಕಾಲ, ಆಮೇಲೆ ಹಾಲಿನ ಕಾಲ ಎಂದು ದಾಟಿಸುತ್ತಾ ಬಂದ. ಕೊನೆಗೆ ಅವನೇ ದಾರಿ ಹೇಳಿದ: ಪ್ರತಿಮಾ ವಿಸಿಟಿಂಗ್ ವೀಸಾದ ಮೇಲೆ ಬರಲಿ, ಮನಸ್ಸಾದರೆ ಅಲ್ಲೇ ಮದುವೆ, ಅಲ್ಲೇ ಉಳಿಯುವುದಕ್ಕೆ ಅರ್ಜಿ. ಪ್ರತಿಮಾಳಿಗೆ ಚಿಕ್ಕಂದಿನಿಂದ ಮಾವನ ಮೇಲೆ ಜೀವ. ಖಾಸಗಿ ಶಾಲೆಯ ಟೀಚರ್ ಕೆಲಸ ಬಿಟ್ಟು ಕುಣಿಯುತ್ತಾ ಹೊರಟಳು. ಅಲ್ಲಿ ಸರಕಾರಿ ಆಫೀಸಿನಲ್ಲಿ ಮದುವೆ ಬರೆಸಿ, ಗೆಳೆಯನೊಬ್ಬನ ಮನೆಯಲ್ಲಿ ತಾಳಿ ಕಟ್ಟಿದರು. ಇಲ್ಲಿ ಫೋನನ್ನು ಟಿ.ವಿ.ಗೆ ಜೋಡಿಸಿ, ಬಂಧುಬಳಗವೆಲ್ಲ ಟಿ.ವಿ.ಯ ಮೇಲೆ ಅಕ್ಷತೆ ಎರಚಿದರು. ಮಗಳ ಮದುವೆಗೆ ಮಗಳೇ ಇಲ್ಲವಲ್ಲ ಎಂದು ಕೊಟ್ರಮ್ಮನಿಗೆ ಕರುಳು ಚುರುಕ್ ಎಂದದ್ದು ನಿಜ. ಆದರೂ ತಮ್ಮನ ಕೈಗೆ ಕೊಟ್ಟಿದ್ದೇನೆ, ಇನ್ನೇನು ಭಯ ಎಂದು ನುಂಗಿಕೊಂಡಳು.

ಅರ್ಜಿಯ ವಿಚಾರಣೆಗೆ ಅಲ್ಲಿನ ಅಧಿಕಾರಿ ಪ್ರತಿಮಾಳಿಗೆ ಫೋನ್ ಮಾಡಿದ. ಉಳಿಯುವುದಕ್ಕೆಂದೇ ಸುಳ್ಳು ಮದುವೆ ಆಗುವವರು ಬಹಳ. ಗಂಡ ನಿಮಗೆ ಎಷ್ಟು ದಿನದಿಂದ ಪರಿಚಯ ಎಂದು ಕೇಳಿದ. ಪ್ರತಿಮಾಳಿಗೆ ಇದಕ್ಕಿಂತ ಸುಲಭದ ಪ್ರಶ್ನೆ ಯಾವುದಿದೆ? ಹುಟ್ಟಿದಂದಿನಿಂದ ಪರಿಚಯ, ನನ್ನ ತಾಯಿಯ ಸ್ವಂತ ತಮ್ಮ, ನಮ್ಮ ಕಡೆ ಇದಕ್ಕಿಂತ ಗಟ್ಟಿ ಸಂಬಂಧ ಇಲ್ಲ ಎಂದು ಎದೆಯುಬ್ಬಿಸಿ ಹೇಳಿದಳು. ಆಮೇಲೆ ಅಮ್ಮನಿಗೆ ಫೋನ್ ಮಾಡಿ, "ಸಾಹೇಬ ಒಂದ್ ಮಾತೂ ಆಡ್ಲಿಲ್ಲಮ್ಮ, ಎಲ್ಲಾ ಬರ್ಕೊಂಡ" ಎಂದು ನಕ್ಕಿದ್ದಳು. ಬರೆದುಕೊಳ್ಳದೆ ಏನು ಮಾಡಿಯಾನು? ಆ ದೇಶದ ಕಾನೂನಿನಲ್ಲಿ ಅಕ್ಕನ ಮಗಳನ್ನು ಮದುವೆಯಾಗುವಂತಿಲ್ಲ. ಆದರೂ ಅಲ್ಲಿ ಅದು ಮದುವೆ ಎನಿಸುವುದಿಲ್ಲ. ಮದುವೆ ಬರೆಸುವಾಗ ಹತ್ತಿರದ ರಕ್ತಸಂಬಂಧ ಇದೆಯೇ ಎಂದು ಕೇಳಿದ್ದಕ್ಕೆ ಸೋಮೇಶ್ ಇಲ್ಲ ಎಂದು ಬರೆದುಕೊಟ್ಟಿದ್ದನಂತೆ. ಅವನಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಹುಡುಗಿಗೆ ಹೇಳಿರಲಿಲ್ಲ. ಈಗ ನಿಜ ಏನೆಂದು ಪುರಾವೆ ಸಮೇತ ತಿಳಿಸಿ ಎಂದು ಅಲ್ಲಿಂದ ಪತ್ರ ಬಂದಿತ್ತು. ಕೊಟ್ರಮ್ಮನಿಗೆ ಇದೆಲ್ಲ ತಿಳಿದದ್ದು ಆ ದಿನ ವಕೀಲನ ಬಾಯಿಂದಲೇ.

ನಾಗಭೂಷಣನ ಆಫೀಸು ಜೆರಾಕ್ಸ್ ಅಂಗಡಿಯ ಮೇಲೆ. ಫ್ಯಾನು ಜೋರಾಗಿ ತಿರುಗುತ್ತಿದ್ದರೂ ಏಕಾಂತಪ್ಪ ಬೆವರುತ್ತಿದ್ದ. ವಕೀಲ ಸ್ಟಾಂಪ್ ಪೇಪರನ್ನು ಕೊಟ್ರಮ್ಮನ ಮುಂದೆ ಸರಿಸಿ, ತೆಲುಗು ಬೆರೆಸಿ ಹೇಳಿದ.

"ಏಂ ಫರವಾಲೇದಮ್ಮಾ, ಹೆದರ್ಕೋಬ್ಯಾಡ್ರಿ. ಇಲ್ಲಿ ಒಂದ್ ಸೈನು, ಕೆಳಗೊಂದು. ಮುಗೀತು."

"ಓದ್ರಿ" ಎಂದಳು ಕೊಟ್ರಮ್ಮ.

ವಕೀಲ ಏಕಾಂತಪ್ಪನ ಮುಖ ನೋಡಿದ. ಏಕಾಂತಪ್ಪ ಫ್ಯಾನು ನೋಡಿದ. ಬೇರೆ ದಾರಿ ಇಲ್ಲದೆ ವಕೀಲ ಇಂಗ್ಲಿಷಿನಲ್ಲಿದ್ದುದನ್ನು ಕನ್ನಡದಲ್ಲಿ ಹೇಳತೊಡಗಿದ. ಕೊಟ್ರಮ್ಮ ಎಂಬ ನಾನು ಪ್ರಮಾಣ ಮಾಡಿ ಹೇಳುವುದೇನೆಂದರೆ, ನಾನು ಭೀಮಲಿಂಗಪ್ಪ ಮತ್ತು ಗುರುಬಸಮ್ಮನವರಿಗೆ ಹುಟ್ಟಿದವಳಲ್ಲ. ಹೆತ್ತವರಿಲ್ಲದ ನನ್ನನ್ನು ಅವರು ದಯೆಯಿಂದ ಮನೆಯಲ್ಲಿಟ್ಟುಕೊಂಡು ಸಾಕಿದರು. ಸೋಮೇಶ್ ಎಂಬುವವರಿಗೂ ನನಗೂ ಯಾವ ರಕ್ತಸಂಬಂಧವೂ ಇಲ್ಲ.

"ದತ್ತು ಅಂತನೂ ಬರ್ದಿಲ್ಲಮ್ಮ. ದತ್ತು ಅಂದ್ರೆ ಮತ್ತ ಸಂಬಂಧ ಹುಟ್ಕೋತೈತಿ. ಸುಮ್ನೆ ಸಾಕಿದ್ರು, ಅಷ್ಟೇ."

 ಕೊಟ್ರಮ್ಮ ಕಾಗದವನ್ನು ಬೆರಳಿನಿಂದ ಹಿಂದಕ್ಕೆ ತಳ್ಳಿದಳು.

"ನಾನೇ ಯಾಕ?" ಎಂದಳು. "ಸೋಮೇಶ್ ಸಾಕಿದ ಹುಡುಗ ಅಂತ ಬರೀರಿ. ಅದು ಅರ್ಧ ಖರೇನಾದ್ರೂ ಇರ್ತೈತಿ. ಅವನ್ನ ಸಾಕಿದಾಕಿ ನಾನೇ."

"ಆಗಲ್ಲಮ್ಮ. ಅವರ ಮಾರ್ಕ್ಸ್ ಕಾರ್ಡಿನಾಗ, ಪಾಸ್‌ಪೋರ್ಟಿನಾಗ, ಎಲ್ಲಾ ಕಡಿ ತಂದಿ ಹೆಸರೈತಿ. ನಿಮ್ದು ನೋಡ್ರಿ, ಶಾಲಿ ಸರ್ಟಿಫಿಕೇಟಿಲ್ಲ. ಆಧಾರು, ರೇಷನ್ ಕಾರ್ಡು, ಎಲ್ಲದರಾಗೂ ಗಂಡನ ಹೆಸರು. ಭೀಮಲಿಂಗಪ್ಪನ ಮಗಳು ಅನ್ನೋದಕ್ಕ ನಿಮ್ಹತ್ರ ಏನೂ ಇಲ್ಲ. ಅದಕ್ಕ ನಿಮ್ದಾದ್ರೆ ಸುಲಭ. ಸೋಮೇಶೇ ವಿಚಾರ ಮಾಡಿ ಹೇಳಿದ್ದು, ಶಾಣ್ಯಾ ಅದಾರ."

ಸರ್ಟಿಫಿಕೇಟು ಯಾಕಿಲ್ಲ ಎಂದು ಆ ಶಾಣ್ಯಾನಿಗೆ ಗೊತ್ತಿರಲಿಲ್ಲವೇ? ಅವನನ್ನು ಎತ್ತಿಕೊಳ್ಳಲಿಕ್ಕೆಂದೇ ತಾನು ಶಾಲೆ ಬಿಟ್ಟದ್ದು. ಬಿಟ್ಟದ್ದರಿಂದ ತಾನು ಈಗ ಯಾರ ಮಗಳೂ ಅಲ್ಲ. ಕೊಟ್ರಮ್ಮನಿಗೆ ಮೈಯೆಲ್ಲ ಉರಿಯಿತು. ಎದುರಿಗೆ ಸಿಕ್ಕಿದ್ದರೆ ತಮ್ಮ ಎಂದೂ ನೋಡದೆ, ಅಳಿಯ ಎಂದೂ ನೋಡದೆ ಕೆನ್ನೆಗೆ ಬಾರಿಸುತ್ತಿದ್ದಳು.

"ನಮ್ಮವ್ವ ಬದುಕ್ಯಾಳಲ್ಲ, ಆಕಿನ್ನ ಕೇಳ್ರಿ."

ವಕೀಲ ಕೆಮ್ಮಿದ. ಫೈಲಿನಿಂದ ಇನ್ನೊಂದು ಸ್ಟಾಂಪ್ ಪೇಪರ್ ತೆಗೆದ. ಕೆಳಗೆ ನೀಲಿ ಹೆಬ್ಬೆಟ್ಟು ಇತ್ತು. ಹಿಂದಿನ ದಿನ ಮಾರ್ಕೆಟ್ಟಿಗೆಂದು ಹೇಳಿ ಹೋದ ಏಕಾಂತಪ್ಪ ವಕೀಲನನ್ನು ಕರೆದುಕೊಂಡು ನಂದವರಕ್ಕೆ ಹೋಗಿದ್ದ. ಕೊಟ್ರಮ್ಮ ತನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗಳಲ್ಲ ಎಂದು ಗುರುಬಸಮ್ಮ ಹೆಬ್ಬೆಟ್ಟು ಒತ್ತಿ ಕೊಟ್ಟಿದ್ದಳು.

ಕೊಟ್ರಮ್ಮ ಅಲ್ಲೇ ಅವ್ವನಿಗೆ ಫೋನ್ ಹಚ್ಚಿದಳು.

"ಅವ್ವಾ, ಕಾಗದಕ್ಕ ಹೆಬ್ಬೆಟ್ಟು ಒತ್ತಿಯಂತಲ್ಲ. ಏನಂತ ಒತ್ತಿದಿ?"

"ಲಾಯರಪ್ಪ ಎಲ್ಲಾ ಹೇಳಿದ್ನವ್ವ" ಎಂದಳು ಗುರುಬಸಮ್ಮ. "ಕಾಗದದಾಗ ತಾನೇ ಕೊಟ್ರಿ. ಕಾಗದದಾಗ ಬರದ್ರೆ ನೀ ನನ್ನ ಮಗಳಲ್ಲ ಅಂತ ಆಗ್ತೈತೇನು? ಹುಡುಗನ ಸಂಸಾರ ನಿಲ್ಲಬೇಕು."

"ಅವನ್ನ ಹೆತ್ತಿಲ್ಲ ಅಂತ ಬರಿ ಅಂದಿದ್ರೆ ಒತ್ತತಿದ್ದಿಯೇನು?"



"ಅವ ಗಂಡುಮಗ ಅಲ್ಲೇನವ್ವ" ಎಂದಳು ಗುರುಬಸಮ್ಮ.

ಕೊಟ್ರಮ್ಮ ಫೋನ್ ಇಟ್ಟಳು. ಅಳು ಬರುತ್ತದೆಂದು ಅಂದುಕೊಂಡಿದ್ದಳು, ಬರಲಿಲ್ಲ. ಸಿಟ್ಟು ಅದಕ್ಕೂ ಜಾಗ ಬಿಟ್ಟಿರಲಿಲ್ಲ.

"ಹಟ ಮಾಡಬ್ಯಾಡ" ಎಂದ ಏಕಾಂತಪ್ಪ, ಹೆಂಡತಿಯ ಮುಖ ನೋಡದೆ. "ಮಗಳು ವಾಪಸ್ ಬಂದ್ರೆ ಮಾರ್ಕೆಟ್ಟಿನಾಗ ನಾ ಹೆಂಗ ತಲಿ ಎತ್ಲಿ? ಆಕಿ ಬಾಳೇವು ನಿನ್ನ ಕೈಯಾಗೈತಿ."

"ನಿಮಗ ತಲಿ ಎತ್ತೋದರ ಚಿಂತಿ. ನಾ ಯಾರ ಹೊಟ್ಟ್ಯಾಗ ಹುಟ್ಟೀನಿ ಅನ್ನೋದು ಬ್ಯಾಡ. ಮದಿವಿ ಆಗೋವಾಗ ಭೀಮಲಿಂಗಪ್ಪನ ಮಗಳು ಅಂತ ನೋಡಿ ಆಗಿದ್ರೋ, ಬೀದ್ಯಾಗ ಸಿಕ್ಕಾಕಿ ಅಂತ ಆಗಿದ್ರೋ? ಹಚ್ಚ್ರಿ ಫೋನ್. ಅವರಿಬ್ಬರನ್ನೂ ನೋಡಬೇಕು ನಾನು."

ವಿಡಿಯೋದಲ್ಲಿ ಸೋಮೇಶ್, ಪ್ರತಿಮಾ ಒಂದೇ ಸೋಫಾದಲ್ಲಿ ಕಂಡರು. ಪ್ರತಿಮಾಳ ಮುಖ ಇಳಿದುಹೋಗಿತ್ತು. ಅತ್ತೂ ಅತ್ತೂ ಕಣ್ಣು ಊದಿದ್ದವು.

"ಅಮ್ಮಾ, ಸೈನ್ ಮಾಡಮ್ಮ. ಎಲ್ಲಾ ನನ್ನ ಬಾಯಿಂದ ಆತು. ನಾ ಸುಮ್ನಿರಬೇಕಿತ್ತು. ಮಾವ ದಿನಾ ಅದನ್ನೇ ಹೇಳ್ತಾನ."

 ತನ್ನನ್ನು ಅಳಿಸಿಹಾಕಿದ್ದನ್ನಾದರೂ ಕೊಟ್ರಮ್ಮ ಹೇಗೋ ಸಹಿಸಿಯಾಳು. ನಿಜ ಹೇಳಿದ ಮಗಳನ್ನು ತಪ್ಪಿತಸ್ಥಳ ಹಾಗೆ ಕೂರಿಸಿದ್ದಾನಲ್ಲ ಇವನು.

"ನಿನ್ನ ತಪ್ಪು ಏನೂ ಇಲ್ಲ" ಎಂದಳು. "ನಿನ್ನ ಗಂಡ ಯಾರು ಅಂತ ಕೇಳಿದ್ರು, ಇದ್ದದ್ದು ಹೇಳಿದಿ. ಸೋಮು, ಈಗ ನೀ ಹೇಳು. ಈ ಮದಿವಿ ಆ ದೇಶದಾಗ ನಡಿಯಲ್ಲ. ಇಲ್ಲಿ ನಡೀತೈತಿ. ಇಲ್ಲಿ ಯಾರೂ ಕೇಳೋರಿಲ್ಲ, ಮುಚ್ಚಿಡೋದೂ ಇಲ್ಲ. ನೀ ಆಕಿನ್ನ ಕರ್ಕೊಂಡು ಬಂದುಬಿಡು. ಆದವಾನ್ಯಾಗ ದನಗಳಿಲ್ಲೇನು? ಹಾಲಹರವಿ ತನಕ ಒಬ್ಬ ಸರಿಯಾದ ದನದ ಡಾಕ್ಟರಿಗೆ ಜನ ಬಾಯ್ಬಾಯಿ ಬಿಡ್ತಾರ."

ಏಕಾಂತಪ್ಪ ತಲೆ ಎತ್ತಿದ. ಇಷ್ಟು ಸರಳ ಮಾತು ಇಷ್ಟು ದಿನದಲ್ಲಿ ಯಾರ ಬಾಯಲ್ಲೂ ಬಂದಿರಲಿಲ್ಲ. ಸೋಮೇಶ್ ಮುಗುಳ್ನಗಲು ನೋಡಿದ.

"ಅದು ಹಂಗಲ್ಲಕ್ಕ. ನಿನಗ ತಿಳಿಯಲ್ಲ. ಇಲ್ಲಿ ನಾ ಪರ್ಮನೆಂಟ್ ಆಗೀನಿ. ಇಷ್ಟು ವರ್ಷದ್ದು ಎಲ್ಲಾ ಬಿಟ್ಟು..."

"ನಾ ಅಪ್ಪನ್ನ ಬಿಡಬೇಕು, ಅವ್ವನ್ನ ಬಿಡಬೇಕು. ನೀ ಒಂದ್ ಕೆಲಸ ಬಿಡಂಗಿಲ್ಲ" ಎಂದಳು ಕೊಟ್ರಮ್ಮ.

ಪ್ರತಿಮಾ ಮೆಲ್ಲಗೆ ಅವನ ಕಡೆ ತಿರುಗಿದಳು.

"ಮಾವ, ನನ್ನ ವಾಪಸ್ ಕಳಿಸಿದ್ರೆ ನೀನೂ ಬರ್ತೀಯಲ್ಲ?"

ಸೋಮೇಶ್ ಆಕೆಯ ಮುಖ ನೋಡಲಿಲ್ಲ. ಫೋನಿನ ಕಡೆ ಬಗ್ಗಿ, "ಲಾಯರ್ ಸಾರ್, ಅಕ್ಕ ಸೈನ್ ಮಾಡ್ಲಿಲ್ಲಂದ್ರೆ ಬರೀ ಅವ್ವನ ಹೆಬ್ಬೆಟ್ಟಿನ ಮ್ಯಾಲ ನಡೀತೈತೇನ್ರಿ?" ಎಂದು ಕೇಳಿದ.

ಅಲ್ಲಿ ಪ್ರತಿಮಾ ಸೋಫಾದಿಂದ ಎದ್ದಳು. ಸ್ವಲ್ಪ ಹೊತ್ತು ಆಕೆಯ ಸೊಂಟ, ಕೈಬಳೆ ಮಾತ್ರ ಕಂಡವು. ಆಮೇಲೆ ಆಕೆಯ ದನಿ ಬಂತು. ಆ ದನಿಯಲ್ಲಿ ಅಳು ಇರಲಿಲ್ಲ.

"ಅಮ್ಮಾ, ಸೈನ್ ಮಾಡಬ್ಯಾಡ. ನನ್ನ ಪಾಸ್‌ಪೋರ್ಟು ಮಾವ ತನ್ನ ಬೀರುವಿನಾಗ ಇಟ್ಟು ಕೀಲಿ ಹಾಕ್ಯಾನ. ಕೊಡು ಅಂದ್ರೆ ಆಮ್ಯಾಲೆ ಅಂತಾನ. ನೀ ಹೇಳು."

ಕೊಟ್ರಮ್ಮ ಗಂಡನ ಕೈಯಿಂದ ಫೋನ್ ಕಸಿದುಕೊಂಡಳು.

"ಸೋಮು, ಆಕಿ ಪಾಸ್‌ಪೋರ್ಟ್ ಕೊಡು."

"ಅಕ್ಕಾ, ಸಿಟ್ಟಿನಾಗ ಹಿಂಗೆಲ್ಲ ಮಾಡಬ್ಯಾಡ. ಅಕ್ಕಾ, ಸ್ವಲ್ಪ ಕೇಳು..."

"ಅಕ್ಕ ಅಂದಿಯಲ್ಲ" ಎಂದಳು ಕೊಟ್ರಮ್ಮ. "ಲಾಯರು ಕೇಳಿಸ್ಕೊಂಡಾರ, ನಮ್ಮ ಮನಿಯವರು ಕೇಳಿಸ್ಕೊಂಡಾರ. ಆ ಅಕ್ಕನೇ ಹೇಳಾಕತ್ತೀನಿ. ಎದ್ದು ಬೀರು ತೆಗಿ. ಇಲ್ಲಂದ್ರೆ ಆ ಸಾಹೇಬ್ರಿಗೆ ಈ ಎರಡೂ ಕಾಗದ ನಾನೇ ಕಳಿಸ್ತೀನಿ, ನನ್ನ ತಮ್ಮ ಬರಿಸ್ಯಾನ ಅಂತ."

ಸೋಮೇಶ್ ಎದ್ದ. ಕೊಟ್ರಮ್ಮ ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಖಾಲಿ ಸೋಫಾವನ್ನೇ ನೋಡುತ್ತಾ ನಿಂತಳು. ಏಕಾಂತಪ್ಪ ಏನೋ ಹೇಳಲು ಬಾಯಿ ತೆರೆದ. ಆಕೆ ಅವನತ್ತ ತಿರುಗಲೂ ಇಲ್ಲ. ಮಗಳ ಕೈಯಲ್ಲಿ ಪಾಸ್‌ಪೋರ್ಟ್ ಕಾಣುವ ತನಕ ಕಟ್ ಮಾಡುವುದಿಲ್ಲ ಎಂದಳು.