ದಿಂಬಿನ ಕೆಳಗಿನ ಮಾತ್ರೆಗಳು

ಐದು ಗಂಟೆಯ ಬಸ್ಸು ತಿರುವಿನಲ್ಲಿ ಗೇರು ಬದಲಿಸಿದ ಸದ್ದು ಕೇಳಿಸಿತು. ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದ ಡ್ರೈವರ್ ತಾತ, "ತಡ ಮಾಡಿದ, ಎಳೆ ಹುಡುಗ," ಎಂದ. ಕೇಳಲು ಕೋಣೆಯಲ್ಲಿ ಯಾರೂ ಇರಲಿಲ್ಲ.

ಮೂವತ್ತೊಂದು ವರ್ಷ ಅದೇ ದಾರಿಯಲ್ಲಿ ಬಸ್ಸು ಓಡಿಸಿದವನು. ನಿವೃತ್ತಿಯಾದ ಮೇಲೂ ದಿನಾ ಸಂಜೆ ನಿಲ್ದಾಣದ ಬೆಂಚಿಗೆ ನಡೆದುಹೋಗಿ, ಹಳೆಯ ಕಂಡಕ್ಟರನ ಜೊತೆ ಹರಟೆ ಹೊಡೆದು ಬರುತ್ತಿದ್ದ. ಎರಡು ತಿಂಗಳಿಂದ ಅದೂ ನಿಂತಿತ್ತು.

ಹೃದಯ ಸೋತಿದೆ, ಮೈಯಲ್ಲಿ ನೀರು ನಿಲ್ಲುತ್ತದೆ ಎಂದು ಡಾಕ್ಟರು ನೀರು ಇಳಿಸುವ ಮಾತ್ರೆ ಕೊಟ್ಟಿದ್ದರು. ಮರೆಯದಿರಲೆಂದು ಸೊಸೆ ಎಲ್ಲ ಮಾತ್ರೆಗಳನ್ನೂ ಮಧ್ಯಾಹ್ನದ ಊಟವಾದ ಮೇಲೆ ಒಟ್ಟಿಗೇ ಕೊಡುತ್ತಿದ್ದಳು. ಸಂಜೆಗೆ ಸರಿಯಾಗಿ ಮೂತ್ರದ ಅವಸರ. ಒಂದು ದಿನ ಬೆಂಚಿನಿಂದ ಎದ್ದು ಶೌಚಾಲಯ ಮುಟ್ಟುವಷ್ಟರಲ್ಲಿ ಬಟ್ಟೆ ಒದ್ದೆಯಾಗಿಬಿಟ್ಟಿತು. ಯಾರೂ ನೋಡಲಿಲ್ಲ. ಆದರೂ ಊರೆಲ್ಲ ನೋಡಿತೇನೋ ಎಂಬಂತೆ ತಾತ ಗೋಡೆ ಹಿಡಿದುಕೊಂಡು ಮನೆಗೆ ಬಂದ.

ಹಿಂದೆ ದೂರದ ಟ್ರಿಪ್ಪಿದ್ದ ದಿನ ಅವನು ಹನಿ ನೀರು ಮುಟ್ಟುತ್ತಿರಲಿಲ್ಲ. ನಡುದಾರಿಯಲ್ಲಿ ಗಾಡಿ ನಿಲ್ಲಿಸುವಂತಿರಲಿಲ್ಲವಲ್ಲ. ಅದೇ ಡ್ರೈವರ್ ಬುದ್ಧಿಯನ್ನು ಮಾತ್ರೆಗೂ ಓಡಿಸಿದ. ಸೊಸೆ ಕೊಟ್ಟದ್ದರಲ್ಲಿ ನೀರು ಇಳಿಸುವ ಆ ಒಂದನ್ನು ದಿಂಬಿನ ಕೆಳಗೆ ಸೇರಿಸತೊಡಗಿದ. ವಾರದಲ್ಲಿ ಪಾದ ಊದಿತು, ನಾಲ್ಕು ಹೆಜ್ಜೆಗೆ ಏದುಸಿರು ಬಂತು.

"ಮಾವ, ಇನ್ನು ಗೇಟು ದಾಟಬೇಡಿ," ಎಂದಳು ಸೊಸೆ. "ಬಿದ್ದುಗಿದ್ದುಬಿಟ್ರೆ ಜನ ನನ್ನನ್ನೇ ಆಡ್ಕೋತಾರೆ."

ರಕ್ತದೊತ್ತಡ ನೋಡಲು ಬಂದ ನರ್ಸಮ್ಮ ತಾತನನ್ನು ಒರಗಿಸಲು ದಿಂಬು ಎತ್ತಿದಳು.

"ಇದೇನು ತಾತ, ದಿಂಬಿಗೂ ಕಾಲು ಊದಿದ್ಯಾ? ಅದಕ್ಕೂ ಮಾತ್ರೆ ತಿನ್ನಿಸ್ತಿದ್ದೀರಾ?"

ಸೊಸೆ ಬೆರಗಾಗಿ ನಿಂತಳು. ತಾತ ಮುಖ ಗೋಡೆಗೆ ತಿರುಗಿಸಿದ. "ಬಟ್ಟೆ ಒದ್ದೆ ಆಯ್ತಮ್ಮ," ಎಂದ.

"ಹೇಳಬಾರದಿತ್ತಾ ಮಾವ?"

"ಯಾವ ಬಾಯಲ್ಲಿ ಹೇಳಲಿ?"

"ನಾಚಿಕೆ ಯಾಕೆ? ಮಾತ್ರೆ ಕೆಲಸ ಮಾಡೋದೇ ಹಾಗೆ," ಎಂದಳು ನರ್ಸಮ್ಮ. "ನೀವಾಗೇ ನಿಲ್ಲಿಸಿದ್ದು ಮಾತ್ರ ತಪ್ಪು. ಜೀವಕ್ಕೇ ಅಪಾಯ. ಹೊತ್ತು ಬದಲಾಯಿಸಬಹುದಾ ಅಂತ ಡಾಕ್ಟರನ್ನ ಕೇಳೋಣ."

"ಇಷ್ಟೆಲ್ಲ ಯಾಕಕ್ಕಾ? ಮನೇಲೇ ಆರಾಮಾಗಿ ಕೂತಿರಲಿ," ಎಂದಳು ಸೊಸೆ.

"ಕೂತಲ್ಲೇ ಕೂತ್ರೆ ಕಾಲಿನ ಬಲಾನೂ ಹೋಗುತ್ತೆ. ಆಮೇಲೆ ಬಚ್ಚಲಿಗೂ ನೀನೇ ಎತ್ಕೊಂಡು ಹೋಗ್ಬೇಕು."

ಮಾರನೆಯ ದಿನವೇ ಡಾಕ್ಟರು ಪರೀಕ್ಷೆ ಮಾಡಿ, ಆ ಮಾತ್ರೆಯನ್ನು ಬೆಳಿಗ್ಗೆಗೆ ಬದಲಾಯಿಸಿದರು. ದಿನಾ ಎದ್ದಕೂಡಲೇ ತೂಕ ನೋಡಿ ಬರೆದಿಡಲು ಹೇಳಿದರು. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ತಕ್ಷಣ ತಿಳಿಸಬೇಕು. ಊತ ಮೆಲ್ಲಗೆ ಇಳಿಯಿತು. ನಡೆಯಬಹುದು ಎಂದು ಡಾಕ್ಟರು ಒಪ್ಪಿದ ದಿನ ಸೊಸೆಯೇ ಗೇಟು ತೆಗೆದಳು.

"ಜೊತೆಗೆ ಬರಲಾ?"

"ಬೇಡಮ್ಮ."

ಅವಳು ತಡೆಯಲಿಲ್ಲ.

ಬೆಂಚಿನಲ್ಲಿ ಕಂಡಕ್ಟರ್ ಒಬ್ಬನೇ ಕೂತಿದ್ದ. "ಇದ್ದೀಯೇನೋ? ನಿನ್ನ ಸೀಟು ಬೇರೆಯವರಿಗೆ ಕೊಡೋಣ ಅಂತಿದ್ದೆ."

"ಇಷ್ಟು ದಿನದಲ್ಲಿ ಒಂದ್ಸಲ ಬಂದು ನೋಡೋಕಾಗಲಿಲ್ವೇನೋ ನಿನಗೆ?"

ಕಂಡಕ್ಟರ್ ತಲೆ ತಗ್ಗಿಸಿದ. "ಮಂಡಿ ಕಣೋ. ಇಲ್ಲಿಂದಾಚೆಗೆ ಒಂದು ಹೆಜ್ಜೆ ಆಗಲ್ಲ. ಮನೇಲಿ ಹೇಳಿಲ್ಲ, ಹೇಳಿದ್ರೆ ಇಲ್ಲಿಗೆ ಬರೋಕೂ ಬಿಡಲ್ಲ."

ತಾತ ಅವನ ಕೈ ಹಿಡಿದುಕೊಂಡ. "ನಾಳೆ ಆಟೋದಲ್ಲಿ ನರ್ಸಮ್ಮನ ಹತ್ರ ಹೋಗೋಣ."

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯ ಹಿರಿಯರಿಗೆ ಮಾತ್ರೆ ಕೊಟ್ಟು ಎದ್ದುಹೋಗಬೇಡಿ. ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತು, "ಇದನ್ನು ತಗೊಂಡ ಮೇಲೆ ಏನು ಕಷ್ಟವಾಗುತ್ತೆ?" ಎಂದು ಕೇಳಿ. ಹೇಳಿದ್ದನ್ನು ನರ್ಸಮ್ಮನಿಗೋ ಡಾಕ್ಟರಿಗೋ ಮುಟ್ಟಿಸಿ. ಹಿರಿಯರೇ, ಮಾತ್ರೆಯನ್ನೂ ಬಚ್ಚಿಡಬೇಡಿ, ನೋವನ್ನೂ ಬಚ್ಚಿಡಬೇಡಿ. ಇವತ್ತೇ ಬಾಯಿಬಿಟ್ಟು ಹೇಳಿ.