ಕೆಂಪು ಪೆನ್ಸಿಲ್ಲಿನ ಗೀಟು

“ಮತ್ತ ಯಾರ್ರೀ ಅದು, ಸಾಲಿನ ನಡುವ ಉಸಿರು ತಗೊಂಡವರು?” ಪ್ರೇಮಾ ಟೀಚರು ಹಾರ್ಮೋನಿಯಂ ನಿಲ್ಲಿಸಿಬಿಟ್ಟರು.

ಸಿಕಂದರಾಬಾದ್ ಹತ್ತಿರದ ಮಲ್ಕಾಜ್‌ಗಿರಿಯ ಕನ್ನಡ ಚರ್ಚಿನಲ್ಲಿ ಶುಭ ಶುಕ್ರವಾರದ ಹಾಡಿನ ಅಭ್ಯಾಸ ನಡೆದಿತ್ತು. ಹನ್ನೆರಡು ಮಂದಿ ತಮ್ಮ ತಮ್ಮ ಹಾಳೆ ನೋಡಿಕೊಂಡರು. ಯಾರೆಂದು ಬಂಡೆಪ್ಪನಿಗೆ ಗೊತ್ತಿತ್ತು. ಪಕ್ಕದಲ್ಲಿ ಹಂಪಯ್ಯನ ಎದೆ ತಿದಿಯಂತೆ ಏರಿಳಿಯುತ್ತಿತ್ತು.

ಬೀದರ್ ಕಡೆಯಿಂದ ಬಂದ ಇಬ್ಬರೂ ಹದಿನಾಲ್ಕು ವರ್ಷದಿಂದ ಒಂದೇ ಶೆಡ್ಡಿನಲ್ಲಿ ಗ್ರಾನೈಟ್ ಕೊಯ್ಯುವವರು. ಹಾಡಿನ ಮೂರನೇ ಸಾಲನ್ನು ಒಬ್ಬನೇ ಹಾಡಬೇಕು, ಒಂದೇ ಉಸಿರಿನಲ್ಲಿ. ಅದು ಹಂಪಯ್ಯನದು. ಮೊದಲ ವರ್ಷ ಅವನು ಆ ಸಾಲು ಎಳೆದಾಗ, ಸ್ಟೇಷನ್ನಿನಿಂದ ಹೊರಟ ರೈಲು ಸಿಕಂದರಾಬಾದ್ ಮುಟ್ಟಿದರೂ ಸಾಲು ಮುಗಿದಿರಲಿಲ್ಲ ಎಂದು ಬಂಡೆಪ್ಪ ಇವತ್ತಿಗೂ ಆಣೆ ಮಾಡಿ ಹೇಳುತ್ತಾನೆ.

“ಹಂಪಯ್ಯ, ನಿಮ್ಮ ಹಾಳಿ ಕೊಡ್ರಿ.”

“ಅದರಾಗ ಏನೈತ್ರಿ ಟೀಚರ್, ಬರೇ ಚಾ ಚೆಲ್ಲಿದ ಕಲಿ.” ಹಂಪಯ್ಯ ನಕ್ಕ. ನಗು ಕೆಮ್ಮಾಯಿತು.

ಉಸಿರು ತೆಗೆದುಕೊಳ್ಳುವಲ್ಲಿ ಹಾಳೆಯ ಮೇಲೆ ಗೀಟು ಹಾಕುವುದು ಮೇಳದ ರೂಢಿ. ಇವರಿಬ್ಬರು ಹಾಕುತ್ತಿದ್ದದ್ದು ಕಲ್ಲಿಗೆ ಗುರುತು ಮಾಡುವ ಕೆಂಪು ಪೆನ್ಸಿಲ್ಲಿನಿಂದ. ಟೀಚರ ಕೈ ಸೇರಿದ ಹಂಪಯ್ಯನ ಹಾಳೆಯಲ್ಲಿ, ಮೂರನೇ ಸಾಲಿನ ಕೊನೆಗೆ ಮಾಸಿದ ಹಳೆಯ ಗೀಟು ಒಂದಿತ್ತು. ಆಮೇಲಿನದು ನಡುವೆ. ಈಗ ಒಂದೊಂದು ಪದದ ನಂತರವೂ ಒಂದೊಂದು.

“ದವಾಖಾನಿಗೆ ಹೋಗಿದ್ರೇನು?”

“ಹೋಗಿದ್ದೆರಿ. ಎದಿ ಫೋಟೋ ತಗದ್ರು. ಒಳಗ ಕಲ್ಲಿನ ಪುಡಿ ಕುಂತೈತಂತ. ಒಂದು ಅಡಿಗಿಮನಿ ಕಟ್ಟಿ ಆಗೂವಷ್ಟು!”

ಟೀಚರು ಹಾಳೆ ವಾಪಸ್ ಕೊಟ್ಟರು. “ಈ ಸಲ ಆ ಸಾಲು ಬಂಡೆಪ್ಪ ಹಾಡ್ಲಿ.”

“ನಾ ಒಲ್ಲೆರಿ.”

“ಹಾಡೋ ಲೇ,” ಹಂಪಯ್ಯ ಮೊಣಕೈಯಿಂದ ತಿವಿದ. “ನಾ ಇನ್ನೂ ಸತ್ತಿಲ್ಲ. ತಪ್ಪಿದ್ರ ಹೇಳ್ತೀನಿ.”

ಬಂಡೆಪ್ಪ ಎದೆ ತುಂಬಾ ಗಾಳಿ ಎಳೆದು ಶುರು ಮಾಡಿದ. ನಾಲ್ಕು ಪದ ಸರಾಗವಾಗಿ ಬಂದವು. ಐದನೆಯದರ ಹತ್ತಿರ ಒಳಗೆ ಏನೋ ಗರಗರ ಎಂದಿತು. ಬಾಯಿ ತೆರೆದೇ ಇತ್ತು, ದನಿ ಇರಲಿಲ್ಲ. ಹಾರ್ಮೋನಿಯಂ ಮಾತ್ರ ಸಾಲಿನ ಕೊನೆ ಮುಟ್ಟಿತು.

“ಮೊದಲ ಸಲ ಹಂಗ ಆಗ್ತೈತ್ರಿ. ಇನ್ನೊಮ್ಮೆ,” ಎಂದು ಟೀಚರು ಪುಟ ತಿರುವಲು ಬಗ್ಗಿದರು.

ಹಂಪಯ್ಯ ಬಂಡೆಪ್ಪನ ಮುಖ ನೋಡಲಿಲ್ಲ. ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಅವನ ಕೈಗೆ ಜಾರಿಸಿದ.

“ನಾಕನೇ ಪದ ಆದಮ್ಯಾಲ ಹಾಕು. ಸಣ್ಣಗ,” ಎಂದು ಪಿಸುಗುಟ್ಟಿದ. “ನಂದೂ ನಡುವ ಬಿದ್ದ ಮೊದಲ ಗೀಟು ಅಲ್ಲೇ ಇತ್ತು.”

ಪೆನ್ಸಿಲ್ಲಿನ ಮೊನೆಗೆ ಬಿಳಿ ಪುಡಿ ಮೆತ್ತಿತ್ತು. ಬಂಡೆಪ್ಪ ಊದಲು ಹೋಗಿ, ಬಿಟ್ಟು, ಅದನ್ನು ಅಂಗಿಗೆ ಒರೆಸಿದ.