ಪಿಕಪ್ ಗಾಜಿಗೆ ದಾಸವಾಳದ ಲೋಳೆ

ನನಗೆ ಮರೆವು ಹಿಡಿದಿದೆ ಎಂದು ನಗುವವರು ಬಾಯಿ ಮುಚ್ಚಿಕೊಂಡು ಕೇಳಿ, ಇದು ಎಪ್ಪತ್ತೆಂಟರಲ್ಲಿ ನ್ಯಾಮತಿಯಲ್ಲಿ ನಡೆದದ್ದು. ಓಂಕಾರಪ್ಪನ ಹಳೆಯ ಪಿಕಪ್ಪಿನ ಮುಂದಿನ ಗಾಜು ಕಲ್ಲು ಸಿಡಿದು ಒಡೆದಿತ್ತು. ಊರೂರು ಅಲೆದ ಮೇಲೆ ಗುಜರಿಯಲ್ಲಿ ಅಂಥದ್ದೇ ಒಂದು ಗಾಜು ಸಿಕ್ಕಿತು. ಅದೂ ಒಡೆದರೆ ಗಾಡಿ ಮೂಲೆಗೇ.

ಗಾಜಿನ ಸುತ್ತ ಹೊಸ ರಬ್ಬರು ಕೂರಿಸಿ, ಅದರ ಸಂದಿಗೆ ದಾರ ಸುತ್ತಿ, ಓಂಕಾರಪ್ಪ ಹೊರಗಿನಿಂದ ಒತ್ತಿ ಹಿಡಿದ. ಹೆಂಡತಿ ಅಂಜಿನಮ್ಮನ ತಮ್ಮ ತಿಪ್ಪೇಶಪ್ಪ ಒಳಗೆ ಕೂತು ದಾರ ಎಳೆದರೆ ರಬ್ಬರಿನ ಅಂಚು ಗಾಡಿಯ ತಗಡಿನ ಮೇಲೆ ಹತ್ತಿ ಕೂರಬೇಕು. ಹತ್ತಲೇ ಇಲ್ಲ. ರಬ್ಬರು ಜಾರಲಿ ಎಂದು ಬಳಿದ ಸೋಪಿನ ನೀರು ಬಿಸಿಲಿಗೆ ಆರಿಹೋಗುತ್ತಿತ್ತು.

“ಒಂಚೂರು ಗುದ್ದಲೇನು ಭಾವ?”

“ಗುದ್ದು. ಆಮೇಲೆ ನಿನ್ ತಲೇನೂ ಹಂಗೇ ಗುದ್ತೀನಿ.”

ಅಂಜಿನಮ್ಮ ತನ್ನ ತಲೆಸ್ನಾನಕ್ಕೆ ದಾಸವಾಳದ ಎಲೆ ಕಿವುಚಿಟ್ಟಿದ್ದ ಬೋಗುಣಿಯನ್ನೇ ಎತ್ತಿಕೊಂಡು ಬಂದಳು. “ಸಿಕ್ಕಾಗಿರೋ ಕೂದ್ಲು ಬಿಡಿಸಾಕೆ ಇದೇ ಹಚ್ಚಾದು. ರಬ್ರಿಗೂ ಹಚ್ಚಿ ನೋಡ್ರಿ. ನನ್ ತಲೆ ನಾಳೆ ತೊಳಕಂತೀನಿ.”

ಲೋಳೆ ಬಳಿದು ದಾರ ಎಳೆದರೆ ರಬ್ಬರು ಬೆಣ್ಣೆಯ ಹಾಗೆ ಜಾರಿ ಸುತ್ತಲೂ ಕೂತಿತು. ಗಾಜಿಗೆ ಒಂದು ಗೆರೆಯೂ ಬೀಳಲಿಲ್ಲ. ಸಂಜೆ ಓಂಕಾರಪ್ಪ ಹೆಂಡತಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊನ್ನಾಳಿಯವರೆಗೆ ಹೋಗಿಬಂದ.

ಹಳೆಯ ಗಾಡಿ ಇಟ್ಟುಕೊಂಡು ಒದ್ದಾಡುವವರು ಯಾರಾದರೂ ಗೊತ್ತಿದ್ದರೆ, ಅವರಿಗೂ ಇದನ್ನು ಕೇಳಿಸಿ.